ನೊರೆಯಕ್ಕನ ಹೆಸರಿಗೇ ಸಿಕ್ಕ ಸಾಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ಮನೆಯ ಹಿಂದಿನ ಕೊಠಡಿಯಲ್ಲಿ ದೀಪ ಉರಿಯುತ್ತಿದೆ. ಮೊಣಕಾಲವರೆಗೆ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ಆಸ್ಪತ್ರೆಯ ಹಾಸುಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ದೀಪಕ್ಕೆ ಹಿಡಿದು ನೋಡುತ್ತಿದ್ದಾರೆ. ಕಲೆಯಿದ್ದದ್ದು ತಣ್ಣೀರಿನ ತೊಟ್ಟಿಗೆ, ಉಳಿದದ್ದು ನೇರವಾಗಿ ಯಂತ್ರಕ್ಕೆ.

“ರಕ್ತದ ಕಲೆಗೆ ಬಿಸಿನೀರು ತೋರಿಸ್ಬಾರದು. ತೋರಿಸಿದ್ರೋ, ಅಲ್ಲೇ ಮನೆ ಮಾಡ್ಕೊಂಡು ಕೂತ್ಬಿಡುತ್ತೆ,” ಎನ್ನುತ್ತಾರೆ.

ಮೂಲೆಯಲ್ಲಿ ಬಟ್ಟೆ ಮಡಚುತ್ತಿರುವ ಅತ್ತೆ ತಲೆ ಎತ್ತದೆಯೇ ಸೇರಿಸುತ್ತಾರೆ: “ನನ್ನ ಕಿರೀಮಗ ಮಾಡಿದ ಸಾಲದ ಹಾಗೆ.”

ಇಬ್ಬರೂ ನಗುತ್ತಾರೆ. ಆ ನಗು ಬರುವುದಕ್ಕೆ ವರ್ಷಗಳೇ ಹಿಡಿದವು ಎಂಬುದು ಆಮೇಲೆ ತಿಳಿಯಿತು.

ಬೂಟು ತೊಟ್ಟ ಇವರು ಓಣಿಗೆಲ್ಲ ನೊರೆಯಕ್ಕ. ಹತ್ತಿರದ ಸಣ್ಣ ಆಸ್ಪತ್ರೆಯೊಂದರ ಹಾಸುಬಟ್ಟೆ, ದಿಂಬಿನ ಚೀಲ, ಹೊದಿಕೆ ಎಲ್ಲ ಸೇರಿ ದಿನಕ್ಕೆ ನೂರಕ್ಕೂ ಮೇಲೆ ಇವರ ಕೈಯಲ್ಲಿ ಹಾದು ಹೋಗುತ್ತವೆ. ಹಾಸಿಗೆ ಹಿಡಿದವರಿರುವ ಮನೆಗಳ ಬಟ್ಟೆ ಬೇರೆ. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಹಿರಿಯ ಜೀವಕ್ಕೂ ಕೊನೆಯ ದಿನದವರೆಗೆ ಶುಭ್ರವಾದ ಹೊದಿಕೆ ಬಂದದ್ದು ಈ ಕೊಠಡಿಯಿಂದಲೇ. ದೇವರ ಸೇವೆಯೆಂದು ನಾವು ಎಷ್ಟೋ ಕೆಲಸಗಳನ್ನು ಹೊಗಳುತ್ತೇವೆ. ಆ ಸಾಲಿನಲ್ಲಿ ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ.

ಸಾಲದ ಕಥೆ ದೊಡ್ಡದಲ್ಲ. ಗಂಡ ತೀರಿಕೊಂಡ ಮೇಲೆ ಮೈದುನ ಸರಕು ಸಾಗಿಸುವ ಗಾಡಿಗಳನ್ನು ಕೊಂಡ. ಜಾಮೀನಿಗೆ ಅತ್ತಿಗೆಯ ಸಹಿ ಹಾಕಿಸಿಕೊಂಡ. ವ್ಯಾಪಾರ ಮುಳುಗಿತು, ಅವನು ಊರು ಬಿಟ್ಟ. ಸಾಲ ಕೊಟ್ಟಿದ್ದ ಮೂರು ಕಡೆಯವರೂ ನೊರೆಯಕ್ಕನ ಬಾಗಿಲಿಗೆ ಬಂದರು. ಕೊನೆಗೆ ಸಾಲ ಸಲಹಾ ಕೇಂದ್ರದ ಅಧಿಕಾರಿಯೊಬ್ಬರು ನಡುವೆ ನಿಂತು ಒಂದು ಒಪ್ಪಂದ ಮಾಡಿಸಿದರು. ಬಡ್ಡಿ ನಿಲ್ಲುತ್ತದೆ, ಐದು ವರ್ಷ ತಿಂಗಳು ತಿಂಗಳು ಇಷ್ಟು ಕಟ್ಟಬೇಕು. ತಪ್ಪಿದರೆ ಒಪ್ಪಂದ ಮುರಿದು, ನಿಂತ ಬಡ್ಡಿಯೆಲ್ಲ ಮತ್ತೆ ತಲೆಯ ಮೇಲೆ ಬರುತ್ತದೆ. ಇದರೊಂದಿಗೆ ಹೊಸ ಸಾಲದ ಬಗ್ಗೆಯೂ ಒಂದು ಷರತ್ತಿತ್ತು.

ಆ ಷರತ್ತನ್ನು ನೊರೆಯಕ್ಕ ಅರ್ಥ ಮಾಡಿಕೊಂಡ ರೀತಿ ಕೇಳಿದರೆ ನಗುವೂ ಬರುತ್ತದೆ, ಅಯ್ಯೋ ಎಂದೂ ಅನ್ನಿಸುತ್ತದೆ. ಯಾರ ಹತ್ತಿರವೂ ಏನನ್ನೂ ಕಡ ಪಡೆಯುವಂತಿಲ್ಲ ಎಂದೇ ಅವರು ತಿಳಿದಿದ್ದರು. ಸೋಪುಪುಡಿ ತರುವವನು “ನಾಳೆ ಕೊಡಿ ಅಕ್ಕ, ಚಿಲ್ಲರೆ ಇಲ್ಲ” ಎಂದರೆ ಮೂಟೆಯನ್ನೇ ವಾಪಸು ಕಳಿಸಿದ್ದುಂಟು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆಯನ್ನೂ ತಂದವರಲ್ಲ.

“ಸಕ್ಕರೆಗೂ ಪೊಲೀಸ್ ಬರ್ತಾರೇನೇ ಅಂತ ಕೇಳ್ದೆ. ಬಂದ್ರೆ ನೀವೇ ಬಾಗಿಲು ತೆಗೀರಿ ಅತ್ತೆ ಅಂದ್ಲು,” ಎಂದು ಅತ್ತೆ ನೆನೆಯುತ್ತಾರೆ.

ಹೀಗೆ ಮೂರನೆಯ ವರ್ಷಕ್ಕೆ ಕಾಲಿಟ್ಟಾಗ ಬಟ್ಟೆ ಒಗೆಯುವ ದೊಡ್ಡ ಯಂತ್ರ ಕೈಕೊಟ್ಟಿತು. ಒಳಗಿನ ಬೇರಿಂಗ್ ಸವೆದು, ಬಟ್ಟೆ ತಿರುಗಿಸುವ ಡ್ರಮ್ಮು ಕೋಣೆಯ ಗೋಡೆಯೇ ನಡುಗುವಷ್ಟು ಕೂಗಿ ನಿಂತೇ ಹೋಯಿತು. ಅರ್ಧ ಬಟ್ಟೆ ಸಣ್ಣ ಯಂತ್ರಕ್ಕೆ ಹಾಕಿ, ಉಳಿದರ್ಧ ಕೈಯಲ್ಲೇ ಒಗೆಯಬೇಕಾಯಿತು. ತಿಂಗಳ ಕೊನೆಯೊಳಗೆ ಮೊದಲಿನಂತೆ ಬಟ್ಟೆ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಆ ಕೆಲಸ ಹೋದರೆ ಕಂತು ಹೋಯಿತು, ಕಂತು ಹೋದರೆ ಒಪ್ಪಂದವೂ ಹೋಯಿತು.

ಹೊಸದರ ಬೆಲೆ ಕೇಳಲು ಹೋದಾಗ ಯಂತ್ರದ ಅಂಗಡಿಯವನು ಸುಲಭದ ದಾರಿ ತೋರಿಸಿದ: “ನಿಮ್ಮ ಹೆಸರಿಗೆ ಕಂತಿನಲ್ಲಿ ಕೊಡೋಕಾಗಲ್ಲ. ಮಗಳ ಹೆಸರಿಗೆ ಮಾಡ್ಸಿ.”

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ನೊರೆಯಕ್ಕ ಬೇಡವೆಂದರು. ಮಗಳು ಸುಮ್ಮನಾದಳು. ಸುಮ್ಮನಾದಳೆಂದು ತಾಯಿ ಅಂದುಕೊಂಡರು. ಒಂದು ಮಧ್ಯಾಹ್ನ ಯಂತ್ರದ ಅಂಗಡಿಯಿಂದ ಫೋನು ಬಂತು: “ಅಮ್ಮ, ನಿಮ್ಮ ಮಗಳು ಕೊಟ್ಟಿರೋ ಮನೆ ವಿಳಾಸ ಸರಿಯಾಗಿದೆಯಾ?”

ಬೂಟೂ ಬಿಚ್ಚದೆ ನೊರೆಯಕ್ಕ ಹೊರಟರು. ಅಂಗಡಿಯ ಹೊಳೆಯುವ ನೆಲದ ಮೇಲೆ ನೀರು ಸುರಿಸುತ್ತ ಒಳಗೆ ಹೋದಾಗ ಮಗಳ ಕೈಯಲ್ಲಿ ಪೆನ್ನಿತ್ತು.

“ಕೆಳಗಿಡು ಅದನ್ನ.”

“ಅಮ್ಮಾ, ಎಲ್ಲರ ಮುಂದೆ ಬೇಡ...”

“ಎಲ್ಲರ ಮುಂದೇನೇ. ಕೆಳಗಿಡು.”

ಅಂಗಡಿಯವನು ಸಮಾಧಾನ ಮಾಡಲು ಬಂದ. “ಬರೀ ಹೆಸರು ಅಮ್ಮ. ಕಟ್ಟೋರು ನೀವೇ ತಾನೇ?”

“ನನಗೂ ಹೀಗೇ ಹೇಳಿದ್ರಪ್ಪ, ಬರೀ ಹೆಸರು ಅಂತ. ಆ ಬರೀ ಹೆಸರಿಗೆ ಈಗ ಮೂರನೇ ವರ್ಷ ಕಟ್ತಾ ಇದೀನಿ.”

ತಾಯಿ ಮಗಳು ಮನೆಗೆ ಹಿಂತಿರುಗಿದರು. ಮನೆಯ ಬಾಗಿಲಲ್ಲಿ ಅತ್ತೆ ಬೂಟು ನೋಡಿ, “ಅವರ ಅಂಗಡೀನೂ ತೊಳೆದು ಬಂದ್ಯಾ?” ಎಂದರಂತೆ. ಆಗ ಮಗಳು ಅಳುತ್ತ ನಕ್ಕಳು. “ಮತ್ತೆ ಯಾರನ್ನ ಕೇಳ್ತೀಯಮ್ಮ? ಕೇಂದ್ರದವರನ್ನಾದ್ರೂ ಒಂದು ಮಾತು ಕೇಳಿದೀಯಾ?”

ಕೇಳಿರಲಿಲ್ಲ. ಸಾಲದಲ್ಲಿರುವವಳು ಇನ್ನೊಂದು ಸಾಲ ಕೇಳಲು ಯಾವ ಮುಖ ಹೊತ್ತು ಹೋಗುವುದು ಎಂಬ ನಾಚಿಕೆ. ಮರುದಿನ ಮಗಳೇ ಕೈಹಿಡಿದು ಕರೆದುಕೊಂಡು ಹೋದಳು.

ಕೇಂದ್ರದ ಅಧಿಕಾರಿ, ಕೂದಲು ನೆರೆತ ಹೆಂಗಸು, ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. “ಸಾಲ ಮಾಡ್ಲೇಬಾರದು ಅಂತ ನಾನು ಯಾವಾಗ ಅಂದೆ? ನಮಗೆ ಹೇಳದೆ ಮಾಡ್ಬೇಡಿ ಅಂದೆ. ಹೊಟ್ಟೆಪಾಡಿನ ಯಂತ್ರಕ್ಕೆ ಕೇಳೋಕೆ ದಾರಿ ಇದೆ.”

“ಹಾಗಾದ್ರೆ ಸಕ್ಕರೆ?” ಎಂದು ನೊರೆಯಕ್ಕನ ಬಾಯಿಂದ ಬಂದುಬಿಟ್ಟಿತಂತೆ. ಅಧಿಕಾರಿ ಮೊದಲು ಕಕ್ಕಾಬಿಕ್ಕಿಯಾಗಿ, ವಿಷಯ ತಿಳಿದ ಮೇಲೆ ಬಹಳ ಹೊತ್ತು ನಕ್ಕರಂತೆ.

ದಾರಿ ಇದ್ದರೂ ಹೂವಿನ ಹಾಸಿಗೆಯಾಗಿರಲಿಲ್ಲ. ಹಳೆಯ ಸಾಲ ಕೊಟ್ಟ ಮೂರು ಕಡೆಯವರೂ ಒಪ್ಪಬೇಕಿತ್ತು. ಇಬ್ಬರು ಬೇಗ ಒಪ್ಪಿದರು. ಮೂರನೆಯವರು ಹೊಸ ಯಂತ್ರ ಬೇಡ, ಹಳೆಯದರ ರಿಪೇರಿಗಾದರೆ ಸರಿ ಎಂದರು. ಅವರ ಉತ್ತರ ಬರುವವರೆಗೆ ಮಗಳು ಕೆಲಸಕ್ಕೆ ಹೋಗುವ ಮುನ್ನ ತಾಯಿಯ ಜೊತೆ ನಿಂತು ಬಟ್ಟೆ ಹಿಂಡಿದಳು. ಅತ್ತೆ ಆಸ್ಪತ್ರೆಯ ಮೇಲ್ವಿಚಾರಕನ ಎದುರು ಕುರ್ಚಿ ಹಾಕಿಕೊಂಡು ಕೂತು, ಇನ್ನೊಂದು ವಾರ ಕೊಡುವವರೆಗೂ ಏಳಲಿಲ್ಲ.

ಕೊನೆಗೆ ದುಡಿಯುವವರ ಸಹಕಾರ ಸಂಘವೊಂದು ಸಣ್ಣ ಸಾಲಕ್ಕೆ ಒಪ್ಪಿತು. ಅಲ್ಲಿಯೂ ಗುಮಾಸ್ತ ಕೇಳಿದ: “ಜಾಮೀನು ಯಾರು?”

ನೊರೆಯಕ್ಕ ಕುರ್ಚಿಯಿಂದ ಎದ್ದೇಬಿಟ್ಟರು. “ಯಾರನ್ನೂ ಕರ್ಕೊಂಡು ಬರಲ್ಲ ಸ್ವಾಮಿ. ಬೇಡ ಬಿಡಿ ಹಾಗಾದ್ರೆ.”

ಜೊತೆಗೆ ಬಂದಿದ್ದ ಕೇಂದ್ರದ ಅಧಿಕಾರಿ ಅವರನ್ನು ಮತ್ತೆ ಕೂರಿಸಿ ಗುಮಾಸ್ತನಿಗೆ ಹೇಳಿದರು: “ಇವರು ಇಷ್ಟು ದಿನ ಒಂದು ತಿಂಗಳೂ ತಪ್ಪದೆ ಕಟ್ಟಿದ್ದಾರೆ. ಅದೂ ತಾವು ತಿನ್ನದ ಸಾಲ. ಇದಕ್ಕಿಂತ ಜಾಮೀನು ಬೇಕಾ?” ಗುಮಾಸ್ತ ಒಳಗೆ ಹೋಗಿ ಹಿರಿಯರನ್ನು ಕೇಳಿ ಬಂದು ಪೆನ್ನು ಮುಂದಿಟ್ಟ. ಸಹಿ ಹಾಕಿದ ಮೇಲೆ ಕಾಗದದಲ್ಲಿದ್ದ ತಮ್ಮ ಹೆಸರನ್ನು ಎರಡು ಸಲ ಓದಿದ್ದಾಗಿ ನೊರೆಯಕ್ಕ ಒಪ್ಪಿಕೊಳ್ಳುತ್ತಾರೆ. “ಭಯಕ್ಕಲ್ಲ. ನನ್ನನ್ನ ನಂಬಿ ಯಾರಾದ್ರೂ ಏನಾದ್ರೂ ಕೊಟ್ಟು ಎಷ್ಟು ಕಾಲ ಆಗಿತ್ತು!”

ಈಗ ಯಂತ್ರ ತಿರುಗುತ್ತಿದೆ. ಹಳೆಯ ಒಪ್ಪಂದಕ್ಕೆ ಇನ್ನೂ ಒಂದೂವರೆ ವರ್ಷ ಬಾಕಿಯಿದೆ. ರಿಪೇರಿಯ ಸಾಲ ಅದಕ್ಕೆ ಮೊದಲೇ ತೀರುತ್ತದೆ. ಭಗವಂತ ಕೈಕಾಲಿಗೆ ಶಕ್ತಿ ಕೊಡಲಿ ಎಂದೆ. “ಕೈಗೆ ಕೊಟ್ಟಿದಾನೆ, ಕಾಲಿಗೇ ಸ್ವಲ್ಪ ಕೇಳಿ,” ಎಂದರು.

ಮಗಳಿಗೆ ಸ್ಕೂಟರ್ ಕೊಳ್ಳುವ ಆಸೆ. ಬ್ಯಾಂಕಿನವರು ಅವಳಿಗೆ ತಕ್ಷಣ ಸಾಲ ಕೊಡುತ್ತೇವೆಂದಿದ್ದಾರೆ. ಈ ಮನೆಗೆ ಮತ್ತೆ ಸಾಲವೇ ಎಂದು ಅಜ್ಜಿಯ ತಕರಾರು. ನಿಮಗೇನನ್ನಿಸುತ್ತದೆ ಎಂದು ನೊರೆಯಕ್ಕನನ್ನು ಕೇಳಿದೆ. ಒದ್ದೆ ಬಟ್ಟೆಯನ್ನು ಒಮ್ಮೆ ಜೋರಾಗಿ ಕೊಡವಿ ತಂತಿಗೆ ಹಾಕಿದರು.

“ಮಾಡ್ಲಿ ಬಿಡಿ. ಅವಳ ಹೆಸರು, ಅವಳ ಗಾಡಿ, ಅವಳ ಆಸೆ. ಆದ್ರೆ ಬಟ್ಟೆ ಮೂಟೆ ಅದರ ಮೇಲೆ ಹೇರಲ್ಲ ಅಂತ ಮಾತ್ರ ನಾನು ಯಾರಿಗೂ ಬರ್ಕೊಡಲ್ಲ.”