ಮಸುಕು ಗಾಜಿನ ಹಿಂದೆ ಕಂಡ ಕೈ

ಕಣ್ಣಿಗೆ ಕಂಡದ್ದಕ್ಕೆಲ್ಲ ಕಾರಣವೊಂದು ಇದ್ದೇ ಇರುತ್ತದೆ ಎಂದು ವಾದಿಸುತ್ತಿದ್ದವನು ನಾನು. ದೆವ್ವ, ಶಕುನ ಎಂದವರನ್ನು ಕಂಡು ಅವರೆದುರೇ ನಕ್ಕಿದ್ದೇನೆ. ಹಾಗಾಗಿ ಇದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ.

ಗಚ್ಚಿಬೌಲಿಯಲ್ಲಿ ಎಲ್ಲಿ ನೋಡಿದರೂ ಐಟಿ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ನನಗೆ ಲೇಸರ್ ಕೆಲಸ. ಹಾಲಿನ ಬಣ್ಣದ ಮಸುಕು ಗಾಜಿನ ಹಿಂದೆ ಏನನ್ನಾದರೂ ಬಚ್ಚಿಡುತ್ತಿದ್ದೆವು. ಗಾಜಿನಲ್ಲಿ ಬೆಳಕು ಚದುರಿ ಕ್ಯಾಮೆರಾಕ್ಕೆ ಬರೀ ಚುಕ್ಕೆಗಳು ಸಿಗುತ್ತಿದ್ದವು. ಆ ಚುಕ್ಕೆಗಳಿಂದ ಬಚ್ಚಿಟ್ಟ ವಸ್ತುವಿನ ಆಕಾರವನ್ನು ಕಂಪ್ಯೂಟರ್ ಬಿಡಿಸಬೇಕು. ಅಂದು ಮಧ್ಯಾಹ್ನ ನಾನೇ ಕೈಯಾರೆ ತಗಡಿನ ನಕ್ಷತ್ರವೊಂದನ್ನು ಇಟ್ಟಿದ್ದೆ.

ಪರದೆಯ ಮೇಲೆ ಮೂಡಿದ್ದು ನಕ್ಷತ್ರವಲ್ಲ. ಕಬ್ಬಿಣದ ಸರಳು ಎತ್ತಿದ ಮನುಷ್ಯನ ಕೈ, ಅದರ ಕೆಳಗೊಂದು ಬಾಗಿದ ತಲೆ. ಕೈಯ ಕಿರುಬೆರಳು ಅರ್ಧವೇ ಇತ್ತು.

ಕಸ ಗುಡಿಸಲು ಬಂದಿದ್ದ ದೇವಮ್ಮನ ಕೈಯಿಂದ ಪೊರಕೆ ಜಾರಿತು. ಯಾದಗಿರಿ ಕಡೆಯವಳು. ಗಂಡ ಮಲ್ಲಪ್ಪ ನಮ್ಮ ಹಿಂದೆ ಏಳುತ್ತಿದ್ದ ಕಟ್ಟಡದಲ್ಲಿ ಸರಳು ಕಟ್ಟುತ್ತಿದ್ದ.

“ಸರ, ಇದು ನಮ್ಮ ಮನಿಯವರ ಕೈ ಐತ್ರಿ! ಆ ಬೆರಳ ನೋಡ್ರಿ. ಯಾರನ್ನೋ ಹೊಡ್ಯಾಕತ್ತಾರ, ಲಗೂನ ಬರ್ರಿ!”

“ತಡೀರಿ ದೇವಮ್ಮ, ಲೆಕ್ಕದಾಗ ಏನೋ ತಪ್ಪಾಗೇತಿ,” ಎಂದೆ.

ಅವಳು ಓಡಿದಳು. ನಾನು ಕೂತು, ಲೆಕ್ಕವನ್ನೆಲ್ಲ ಮೊದಲಿನಿಂದ ನೋಡಿ, ಮತ್ತೊಂದು ಚಿತ್ರ ತೆಗೆದೆ. ಅದರಲ್ಲಿ ಸರಳು ತಲೆಗೆ ತಾಗಿತ್ತು. ಹೊರಗೆ ಚೀರಾಟ ಕೇಳಿಸಿದ್ದು ಆಗಲೇ.

ಹೋಗಿ ನೋಡಿದರೆ ಮಲ್ಲಪ್ಪ ತನ್ನ ಮೇಸ್ತ್ರಿಯನ್ನು ಮರಳಿನ ಮೇಲೆ ಕೆಡವಿ ಬಡಿಯುತ್ತಿದ್ದ. ಮೇಸ್ತ್ರಿ ದೇವಮ್ಮನ ಬಗ್ಗೆ ಹೊಲಸು ಮಾತಾಡಿದ್ದನಂತೆ. ಮೇಸ್ತ್ರಿಯ ಹಣೆ ಸೀಳಿತ್ತು, ಒಂದು ಕಣ್ಣಿನ ಜಾಗದಲ್ಲಿ ರಕ್ತವಷ್ಟೇ ಕಾಣುತ್ತಿತ್ತು. ದೇವಮ್ಮ ನನ್ನೆದುರೇ ಅವರ ನಡುವೆ ನುಗ್ಗಿದಳು. ಸರಳು ಅವಳ ಮೊಣಕೈಗೆ ಬಿತ್ತು. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ನಾಲ್ಕು ಜನ ಸೇರಿ ಮಲ್ಲಪ್ಪನನ್ನು ಹಿಡಿಯುವಷ್ಟರಲ್ಲಿ ನನ್ನ ತುಟಿಯೂ ಒಡೆದಿತ್ತು.

ಮೇಸ್ತ್ರಿ ಬದುಕಿದ, ಕಣ್ಣು ಹೋಯಿತು. ಮಲ್ಲಪ್ಪ ಜೈಲು ಸೇರಿದ. ಜಗಳ ಹತ್ತಿದ್ದು ಮೂರು ಗಂಟೆಯ ಚಹಾದ ಹೊತ್ತಿಗೆ ಎಂದು ಕೆಲಸದವರೆಲ್ಲ ಒಂದೇ ಮಾತು ಹೇಳಿದರು. ನನ್ನ ಮೊದಲ ಚಿತ್ರ ಕಂಪ್ಯೂಟರಿನಲ್ಲಿ ದಾಖಲಾದದ್ದು ಎರಡೂಮುಕ್ಕಾಲಿಗೆ. ಗಾಜಿನ ಹಿಂದೆ ನಕ್ಷತ್ರ ಇಟ್ಟಲ್ಲೇ ಇತ್ತು. ಆಮೇಲೆ ಎಷ್ಟು ಸಲ ತೆಗೆದರೂ ನಕ್ಷತ್ರವೇ ಬಂತು.

ಏಳುತ್ತಿದ್ದ ಆ ಕಟ್ಟಡದ ಗೇಟಿನಲ್ಲಿ ಕಾವಲುಗಾರ ದೇವಮ್ಮನನ್ನು ಬಹಳ ಹೊತ್ತು ಒಳಗೆ ಬಿಟ್ಟಿರಲಿಲ್ಲ. ನಾನು ಜೊತೆಗಿದ್ದಿದ್ದರೆ ಬಿಡುತ್ತಿದ್ದ.

“ನೀವೂ ನೋಡಿದ್ರಲ್ರೀ ಸರ,” ಆಸ್ಪತ್ರೆಯಲ್ಲಿ ಅವಳು ಕೇಳಿದಳು, “ಯಾಕ ಬರಲಿಲ್ರಿ?”

ಆ ಚಿತ್ರ ಎಲ್ಲಿಂದ ಬಂತೋ ನನಗೆ ಇಂದಿಗೂ ತಿಳಿಯದು. ಎದ್ದು ಹೋಗದೆ ಕೂತವನು ಮಾತ್ರ ನಾನೇ.