ಮಗ್ಗಿಯಂತೆ ಒಪ್ಪಿಸಿದ ಕಣ್ಣು

ಟೈಲರ್ ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಚ್ಚಿ, ಅದು ತೂರುವ ಕಾಜಾ ಹೊಲಿಯುವುದು ನನ್ನ ಕೆಲಸ. ಗುಂಡಿ ಒಂದು ಕಡೆ, ಕಾಜಾ ಇನ್ನೊಂದು ಕಡೆ ಆಗತೊಡಗಿತು. ಕಣ್ಣು ಸರಿಯಿದೆಯೆಂಬ ಚೀಟಿ ತರದಿದ್ದರೆ ಕೆಲಸವಿಲ್ಲ ಎಂದ ಟೈಲರ್.

ಆಸ್ಪತ್ರೆಯ ಗೋಡೆಯಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳ ಪಟ್ಟಿಯಿತ್ತು. ಹಲ್ಲು ಯಾವ ಕಡೆಗಿದೆ ಎಂದು ಹೇಳಬೇಕು. ಹೋದ ವರ್ಷ ತೀರಿಕೊಂಡ ನನ್ನ ಯಜಮಾನರನ್ನು ಕಣ್ಣು ತೋರಿಸಲು ಆರು ವರ್ಷ ಅಲ್ಲಿಗೇ ಕರೆದೊಯ್ದವಳು ನಾನು, ಪಟ್ಟಿಯೆಲ್ಲ ಬಾಯಿಪಾಠವಾಗಿತ್ತು. ಕೂತ ತಕ್ಷಣ ಮಗ್ಗಿಯಂತೆ ಒಪ್ಪಿಸಿದೆ: ಬಲ, ಮೇಲೆ, ಎಡ, ಕೆಳಗೆ.

"ಅಮ್ಮಾ, ನಾನಿನ್ನೂ ದೀಪಾನೇ ಹಾಕಿಲ್ಲ," ಎಂದಳು ಪರೀಕ್ಷೆ ಮಾಡುವ ಹುಡುಗಿ.

ಬೇರೆ ಪಟ್ಟಿ ಹಾಕಿದಳು. ಎರಡನೇ ಸಾಲಿಗೇ ನನ್ನ ಪಾಂಡಿತ್ಯ ಮುಗಿಯಿತು.

"ಆರರ ಕೆಳಗೆ ಮೂವತ್ತಾರು. ಬೇರೆಯವ್ರಿಗೆ ಮೂವತ್ತಾರು ಮೀಟರ್ ದೂರದಿಂದ ಕಾಣೋದು ನಿಮಗೆ ಆರು ಮೀಟರಿಗೆ ಬಂದ್ರೇನೇ ಕಾಣುತ್ತೆ."

"ಮೂವತ್ತಾರಾ? ಶಾಲೇಲೂ ಇಷ್ಟು ಬಂದಿರ್ಲಿಲ್ಲ ಕಣಮ್ಮ!"

"ಇಲ್ಲಿ ಜಾಸ್ತಿ ಬಂದ್ರೆ ಫೇಲು."

ಚೀಟಿಯ ಬದಲು ಕನ್ನಡಕ ಸಿಕ್ಕಿತು, ಕೆಲಸ ಉಳಿಯಿತು. ಮನೆಗೆ ಬಂದು ಅದನ್ನು ಹಾಕಿಕೊಂಡು ಯಜಮಾನರ ಫೋಟೋ ನೋಡಿದೆ. ನಾನೇ ಹೊಲಿದ ಅಂಗಿ, ಗುಂಡಿಗಳೆಲ್ಲ ಸೊಟ್ಟ. ಅದನ್ನೇ ತೊಟ್ಟು ತಿರುಗಿದರು, ಒಂದು ದಿನವೂ ಆಡಿ ತೋರಿಸಲಿಲ್ಲ. ಈಗ ಬಿಚ್ಚಿ ಹೊಲಿಯೋಣವೆಂದರೆ ಆ ಅಂಗಿ ಅವರ ಮೈಮೇಲೆಯೇ ಚಿತೆಗೆ ಹೋಯಿತು.