ಫಿಲೋ ಮಾವಶಿ ಎತ್ತರಕ್ಕ ಒಂದು ಫ್ಯಾನು

ಇದನ್ನ ಓದಿ ಮುಗಸೂದ್ರಾಗ ನೀವು ನನ್ನ ಸುಳ್ಳಬುರಕಿ ಅಂತೀರಿ, ಪೈಜ್ ಕಟ್ಟತೇನಿ. ಅನ್ರಿ, ಬ್ಯಾಸರಿಲ್ಲ. ನಮ್ಮೂರಾಗ ಮೊದಲ ಅಂತಾರ. ಆದ್ರ ಈ ಸಲ ಸಾಕ್ಷಿ ಹೇಳಾಕ ಐದು ಮಂದಿ ಹೆಂಗಸರು ಅದಾರ. ಎರಡು ಎಮ್ಮಿನೂ ನೋಡ್ಯಾವ, ಅವು ಮಾತಾಡೂದಿಲ್ಲ ಅಷ್ಟ.

ಇವತ್ತ ಮುಂಜಾನೆ ಕಾಲೇಜಿಗಂತ ಹಳಿಯಾಳ ಬಸ್‌ಸ್ಟ್ಯಾಂಡಿನಾಗ ಇಳಿದ್ನಿ. ಬಾಜೂಕ ಗ್ರಿಲ್ ಅಂಗಡ್ಯಾಗ ಯಾರೋ ಮಷಿನ್ ಹಚ್ಚಿ ಕಬ್ಬಿಣ ಕೊಯ್ಯಾಕತ್ತಿದ್ರು. ಆ ಸುಟ್ಟ ಕಬ್ಬಿಣದ ವಾಸನಿಗೆ ಮಂದಿ ಮೂಗು ಮುಚ್ಚಕೋತಾರ. ನನಗ ಮಾತ್ರ ಯಾರೋ ಮಿರ್ಚಿ ಕರಿಯಾಕತ್ತಾರ ಅನ್ನೂವಂಗ ಖುಷಿ ಆಗ್ತೈತಿ. ಅಲ್ಲೇ ನಿಂತು ಕ್ಲಾಸಿಗೆ ತಡಾ ಆತು. ತಪ್ಪು ನಂದಲ್ಲ, ವಾಸನೀದು.

ಎರಡು ವರ್ಷದ ಹಿಂದಿನ ಮಾತಿದು. ಹತ್ತನೇತ್ತಾ ಪರೀಕ್ಷಾ ಮುಗದು ನಾ ಮನ್ಯಾಗ ರಾಣಿಯಂಗ ಬಿದ್ದಿದ್ನಿ. ನಮ್ಮ ಮನಿ ಹಿಂದ ತಗಡಿನ ಪತ್ರಾಸ್ ಹೊದಿಸಿದ ಒಂದು ಶೆಡ್ ಐತಿ. ನೋಡಾಕ ಶೆಡ್, ಖರೇ ಅಂದ್ರ ನಮ್ಮವ್ವನ ಕಾರ್ಖಾನಿ. ಮಧ್ಯಾಹ್ನ ಉಂಡಮ್ಯಾಲ ಓಣಿಯ ನಾಕು ಮಂದಿ ಹೆಂಗಸರು ಹಳೇ ಸೀರಿ, ಲುಂಗಿ, ಫ್ರಾಕು ಗಂಟು ಕಟ್ಟಕೊಂಡು ಬರ್ತಾರ. ಅವ್ವನ್ನ ಹಿಡದು ಐದು ಮಂದಿ ನೆಲಕ್ಕ ಕುಂತು ಕೌದಿ ಹೊಲೀತಾರ. ಹೊಲಿಯೂದು ಒಂದು ಪಾಲು, ನಗೂದು ಮೂರು ಪಾಲು. ಯಾರ ಮನ್ಯಾಗ ಇವತ್ತ ಏನು ಪಲ್ಯ ಅನ್ನೂದು ಆ ಮನಿಯವರಿಗಿಂತ ಮೊದಲ ನಮ್ಮ ಶೆಡ್ಡಿಗೆ ಗೊತ್ತಾಗ್ತಿತ್ತು.

ಆ ಬ್ಯಾಸಗ್ಯಾಗ ಪತ್ರಾಸು ರೊಟ್ಟಿ ಹಂಚಿನಂಗ ಕಾದಿತ್ತು. ಒಂದಿನ ಫಿಲೋ ಮಾವಶಿ ಸೂಜಿ ಕೆಳಗಿಟ್ಲು. ಫಿಲೋಮಿನಾ ಅಂತ ಹೆಸರು, ಅವ್ವನ ಗೆಳತಿ. ಗಂಡಸರು ಹೆಂಗಸರು ಎಲ್ಲಾರನ್ನೂ ಸಾಲು ನಿಲ್ಲಿಸಿದ್ರ ನಮ್ಮೂರಾಗ ಆಕೀನ ಎತ್ತರ. ಆಕಿ ಹೇಳಿದ್ದಿಷ್ಟ: ಸೋಮವಾರದಿಂದ ಓಣಿ ತುದಿ ಸುಶೀಲಕ್ಕನ ಮನ್ಯಾಗ ಕೂಡೂಣು, ಅಲ್ಲಿ ಸ್ಲ್ಯಾಬ್ ಐತಿ, ಫ್ಯಾನ್ ಐತಿ, ಟೀವಿನೂ ಐತಿ.

ಅವ್ವಗ ಮನಿ ಬಿಟ್ಟು ಹೋಗಾಕ ಆಗೂದಿಲ್ಲ. ಹಿಂದ ಎಮ್ಮಿ, ಮುಂದ ಒಂದು ಸಣ್ಣ ಅಂಗಡಿ. ಅಪ್ಪ ಜೋಯಿಡಾ ಕಡೆ ರೆಸಾರ್ಟಿನಾಗ ಜೀಪ್ ಓಡಸ್ತಾನ, ಸೀಜನ್ನಿನಾಗ ಹದಿನೈದು ದಿನಕ್ಕೊಮ್ಮೆ ಮಾರಿ ತೋರಸ್ತಾನ. ಇವರೆಲ್ಲಾ ಹೋದ್ರ ಅವ್ವ ಎಮ್ಮಿ ಜೋಡಿ ಮಾತಾಡಕೋತ ಒಬ್ಬಾಕೀನ ಹೊಲೀಬೇಕು. ಆಕಿ ಮಾರಿ ನೋಡಿದ್ನಿ, ನನ್ನ ಬಾಯಿ ತಾನ ತೆರೀತು.

"ಸೋಮವಾರ ಇಲ್ಲೇ ಫ್ಯಾನ್ ತಿರಗಲಿಲ್ಲಂದ್ರ ನನ್ನ ಜಡಿ ಕತ್ತರಿಸಿ ಕೌದ್ಯಾಗ ಹೊಲಕೋರಿ ಮಾವಶಿ."

"ನಿನ್ನ ಜಡಿ ಒಂದು ಮೂಲಿಗೂ ಸಾಲೂದಿಲ್ಲ," ಅಂದ್ಲು ಮಾವಶಿ.

ಫ್ಯಾನ್ ಮನ್ಯಾಗ ಇತ್ತು ಬಿಡ್ರಿ. ಬಂಗೂರನಗರದಾಗ ಕಾಗದ ಮಿಲ್ಲಿನ ಹಳೇ ಕ್ವಾರ್ಟರ್ಸ್ ಖಾಲಿ ಮಾಡೂಮುಂದ ಅಪ್ಪನ ದೋಸ್ತ ಕೊಟ್ಟಿದ್ದು. ಅಲ್ಲಿ ಮನಿಗಳ ಮಾಳಿಗಿ ಎಷ್ಟು ಎತ್ತರ ಅಂದ್ರ ಮೋಡ ಒಳಗ ಬಂದು ಹೋಗ್ತಾವ. ಹಂಗಾಗಿ ಫ್ಯಾನಿನ ರಾಡು ಮೂರು ಫೂಟು. ನಮ್ಮ ಶೆಡ್ ಏಳ ಫೂಟು. ಹಂಗ ತೂಗಹಾಕಿದ್ರ ರೆಕ್ಕಿ ನನ್ನ ಹೊಟ್ಟಿ ಮಟ್ಟಕ್ಕ ಬರ್ತಿತ್ತು, ಗಾಳಿಗಲ್ಲ, ಗಜ್ಜರಿ ಹೆಚ್ಚಾಕ ಬರೋಬ್ಬರಿ.

ಸೈಕಲ್ ಅಂಗಡಿಯಿಂದ ಗರಗಸ ಇಸಕೊಂಡು ಬಂದು ರಾಡ್ ಕೊಯ್ಯಾಕ ಕುಂತ್ನಿ. ನೂರು ಬ್ಲೇಡ್ ಮುರದ್ವು. ಹೋಗ್ಲಿ, ಮೂರು. ಕಡೀಕ ಹಳಿಯಾಳದ ಗ್ರಿಲ್ ಅಂಗಡೀಗೆ ಹೊತ್ತಕೊಂಡು ಹೋದ್ನಿ. ಅವರ ಮಷಿನ್ ಎರಡು ಮಿನಿಟಿನಾಗ ಕೊಯ್ದು, ನಾಕು ಬೆರಳಿನಷ್ಟು ತುಂಡು ಉಳಿಸಿ, ಹೊಸಾ ತೂತು ಹಾಕಿ ಕೊಡ್ತು. ಶನಿವಾರ ತೂಗಹಾಕಿದ್ನಿ. ಅಳತಿ ಟೇಪ್ ನಮ್ಮ ಮನ್ಯಾಗ ಇಲ್ಲ, ಫಿಲೋ ಮಾವಶಿ ಇದ್ಲು. ಆಕೀನ ಕೆಳಗ ನಿಲ್ಲಿಸಿ ನೋಡಿದ್ನಿ. ರೆಕ್ಕಿಗೂ ಆಕಿ ತಲಿಗೂ ನಡುವ ಬೇಕಾದಷ್ಟು ಜಾಗಾ ಇತ್ತು.

ಬಟನ್ ಒತ್ತಿದ್ನಿ. ಶೆಡ್ಡಿಗೆ ಶೆಡ್ಡೇ ನಡಗಿತು, ಎಮ್ಮಿ ಎದ್ದು ನಿಂತ್ವು, ಗಾಳಿ ಮಾತ್ರ ಬರಲಿಲ್ಲ. ರೆಕ್ಕಿ ಪತ್ರಾಸಿಗೆ ಅಂಟಿದಂಗ ಇತ್ತಲ್ಲ, ಮ್ಯಾಲಿಂದ ಗಾಳಿ ಎಳಕೊಳ್ಳಾಕ ಅದಕ್ಕ ಜಾಗಾನ ಇರಲಿಲ್ಲ. ಬಂದಷ್ಟೂ ಬಜ್ಜಿ ಬಾಣಲಿ ಮುಂದ ನಿಂತಂಗ ಬಿಸಿ. ಹೆಂಗಸರು ನಕ್ಕ ನಗೀಗೆ ಒಂದೀಟು ಗಾಳಿ ಆತು, ಅಷ್ಟ.

ಐತವಾರ ಮುಂಜಾನೆ ಮತ್ತ ಗ್ರಿಲ್ ಅಂಗಡಿ. ಕೊಯ್ದ ರಾಡಿಗೆ ಒಂದು ಗೇಣು ಮತ್ತ ಬೆಸದು ಕೊಡ್ರಿ ಅಂದ್ನಿ. ಕಿತ್ತಿಸಿಕೊಂಡ ಹಲ್ಲು ತಿರಗಿ ಹಚ್ಚರಿ ಅಂದ್ರ ಡಾಕ್ಟರ್ ಹೆಂಗ ನೋಡ್ತಾನ, ಅಂವ ಹಂಗ ನೋಡಿದ. ಬೆಸದು ಕೊಟ್ಟ. ಈಗ ಗಾಳಿ ಬಂತು ನೋಡ್ರಿ, ಕಾಳಿ ನದಿ ದಂಡಿ ಮ್ಯಾಲ ಕುಂತಂಗ. ಫ್ಯಾನ್ ಆರಿಸಿ ಮಾವಶೀನ ನಿಲ್ಲಿಸಿದ್ನಿ. ರೆಕ್ಕಿ ನೆಟ್ಟಗ ಆಕಿ ಹಣಿಗೆ ಬಡೀತು.

ಮ್ಯಾಲ ಏರಿಸಿದ್ರ ಗಾಳಿಲ್ಲ, ಕೆಳಗಿಳಿಸಿದ್ರ ಮಾವಶಿ ಇಲ್ಲ. ಮಾವಶೀನ ಕೊಯ್ಯಾಕಂತೂ ಬರೂದಿಲ್ಲ ಅಂತ ತಲಿ ಹಿಡಕೊಂಡು ಕುಂತ್ನಿ. ಅವ್ವ ಚಾ ಸೋಸಕೋತ ಅಂದ್ಲು, "ಹಂಗಾರ ನೆಲಾ ಕೆಳಗಿಳಸು."

ಈ ಐಡಿಯಾ ನಂದು ಅಂತ ನಾ ಕಾಲೇಜಿನಾಗ ಹೇಳೇನಿ. ನಿಮಗಷ್ಟ ಖರೇ ಹೇಳಾಕತ್ತೇನಿ.

ಅವ್ವ ಚೇಷ್ಟಿಗೆ ಅಂದಿದ್ಲು. ಆದ್ರ ಅಲ್ಲಿ ಕುಂತಿದ್ದವರು ಯಾರು? ಬ್ಯಾಸಗ್ಯಾಗ ಮುಂಜಾನೆ ಎದ್ದು ಪಂಚಾಯ್ತಿ ಕೆಲಸಕ್ಕ ಹೋಗಿ ಗುಂಡಿ ತಗದು ಬರೋ ಹೆಂಗಸರು. ನಮ್ಮ ಸೆಗಣಿ ಸಾರಿಸಿದ ನೆಲಾ ಅವರಿಗೆ ಯಾವ ಲೆಕ್ಕ. ಹಗ್ಗ ಹಿಡದ್ರು, ಗುದ್ದಲಿ ತಂದ್ರು, ಗ್ವಾಡಿ ಬುಡಾ ಬಿಟ್ಟು ಒಂದು ಮೊಳ ಆಳ ತಗದಾ ಬಿಟ್ರು. ನಾ ಮಣ್ಣಿನ ಬುಟ್ಟಿ ಹೊತ್ತು ಹೊತ್ತು ಎರಡು ಇಂಚು ಗಿಡ್ಡ ಆದ್ನಿ. ಮುಗದಮ್ಯಾಲ ನೋಡಿದ್ರ ಗುಂಡಿ ನಟ್ಟನಡುವ, ಫ್ಯಾನಿನ ಕೆಳಗ, ಒಂದು ಮಣ್ಣಿನ ಗುಡ್ಡಿ ಹಂಗ ಬಿಟ್ಟಾರ. ಇದ್ಯಾಕ ಅಂತ ಕೇಳಿದ್ನಿ.

"ಎಷ್ಟು ಆಳ ತಗದೇವಿ ಅಂತ ಇಂಜಿನಿಯರ್ ಬಂದು ಕೇಳಿದ್ರ ಏನು ತೋರಸ್ತಿ?" ಅಂದ್ಲು ಫಿಲೋ ಮಾವಶಿ.

ಪಂಚಾಯ್ತಿ ಕೆಲಸದಾಗ ಅಳತಿಗಂತ ಹಂಗ ಗುಡ್ಡಿ ಬಿಡ್ತಾರಂತ. ಕೈಗೆ ಅದ ರೂಢಿ. ಇಂಜಿನಿಯರ್ ಎಲ್ಲಿಂದ ಬರಬೇಕು ಅಂದ್ನಿ. ಐದೂ ಮಂದಿ ನನಗ ಕೈ ಮುಗದು ಅಳತಿ ತಗೋರಿ ಸಾಹೇಬ್ರ ಅಂದ್ರು. ನಾನೂ ಬಿಡಲಿಲ್ಲ. ಗೇಣು ಹಾಕಿ ಅಳದು, ಕೆಲಸ ಪಾಸ್ ಅಂದ್ನಿ. ಗುಡ್ಡಿ ಮ್ಯಾಲ ಚಾದ ಕಿಟ್ಲಿ ಕುಂತಿತು.

ಸೋಮವಾರ ಫ್ಯಾನ್ ತಿರಗಿತು. ಮಾವಶಿ ಸುತ್ತೂ ಅಡ್ಡಾಡಿ ಬಂದ್ಲು, ತಲಿ ಮ್ಯಾಲ ಇನ್ನೊಂದು ಮಗೂನ ಕುಂದರಸೂವಷ್ಟು ಜಾಗಾ. ಗಾಳೀಗೆ ಬಣ್ಣಬಣ್ಣದ ಅರಬಿ ತುಂಡು ಹಾರಿ ಎಮ್ಮಿ ಕೋಡಿಗೆ ಕುಂತ್ವು, ಅವನ್ನ ಹಿಡಿಯಾಕ ಐದೂ ಮಂದಿ ಗುಂಡ್ಯಾಗ ಹತ್ತಿ ಇಳದು ಓಡಾಡಿದ್ರು. ಅವ್ವ ಕಣ್ಣಾಗ ನೀರು ಬರೂತನಾ ನಗಾಕತ್ತಿದ್ಲು.

ಅಷ್ಟರಾಗ ಅಪ್ಪ ಬಂದ. ಯಾರಿಗೂ ಹೇಳದ ಒಂದಿನ ರಜಾ ತಗೊಂಡಿದ್ದ. ಹೆಗಲಿಗೆ ಬ್ಯಾಗು, ಬಾಯಾಗ ಹಾಡು, ಹಿತ್ತಲ ಬಾಗಲಾ ದಾಟಿ ವರ್ಷಾನುಗಟ್ಟಲೆ ನೆಲಾ ಇದ್ದಲ್ಲೇ ಕಾಲಿಟ್ಟ. ಧೊಪ್ ಅಂತ ಕೌದಿ ಗಂಟಿನ ಮ್ಯಾಲ ಬಿದ್ದ. ಅಂವ ಬಿದ್ದಲ್ಲೇ ಬಿದ್ದು ಫ್ಯಾನ್ ನೋಡಿದ, ಬೆಸದ ರಾಡ್ ನೋಡಿದ, ಗುಡ್ಡಿ ಮ್ಯಾಲಿನ ಕಿಟ್ಲಿ ನೋಡಿದ. ಎದ್ದು ಹೋಗಿ ಬಟನ್ ಆರಿಸಿದ.

"ಮಳಿ ಬಂದ್ರ?" ಅಂದ.

ನಮ್ಮ ಕಡೆ ಮಳಿ ಹೆಂಗಿರ್ತೈತಿ ನಿಮಗ ಹೇಳೂದು ಬ್ಯಾಡ. ಮಳಿ ನೀರು ನಿಲ್ಲಲಿ ಅಂತನ ವರ್ಷಾ ಇಂಥಾ ಗುಂಡಿ ತಗಿಯೋ ನಾಕೂ ಮಂದಿ ನೆಲಾ ನೋಡಾಕತ್ತಿದ್ರು. ಅಪ್ಪ ಹೇಳಕೋತ ಹೋದ. ನಾಳೆನ ಮಣ್ಣು ತುಂಬಬೇಕು, ಆ ಬೆಸಗೀ ರಾಡ್ ಯಾರ ತಲಿ ಮ್ಯಾಲನೂ ತಿರಗಬಾರದು, ತಗದು ಒಗೀಬೇಕು. ನನ್ನ ಮೂರು ದಿನದ ಸಂಸ್ಥಾನ ಮೂರು ಮಾತಿನಾಗ ಮುಗೀತು. ಅವ್ವ ಸೂಜಿ ಕೈಯಾಗ ಹಿಡಕೊಂಡು ಗೆಳತಿಯರ ಕಡೆ ನೋಡಿದ್ಲು.

ಅಪ್ಪನೂ ಅದನ್ನ ನೋಡಿದ. ಅಂಗಿ ಝಾಡಿಸಿಕೊಂಡು ದನಿ ಇಳಿಸಿದ. "ಗ್ವಾಡಿ ಮ್ಯಾಲ ಮೂರು ಸಾಲು ಇಟ್ಟಂಗಿ ಕಟ್ಟಿ ಪತ್ರಾಸ್ ಎತ್ತಿದ್ರ ಆತಲ್ಲ. ನಾ ಎತ್ತಸ್ತೇನಿ. ಇಷ್ಟು ಮಂದಿ ಅದೀರಿ, ಒಬ್ಬರಿಗೂ ಹೊಳೀಲಿಲ್ಲೇನು?"

"ಹೊಳದಿತ್ತು ಭಾವಾ," ಅಂದ್ಲು ಫಿಲೋ ಮಾವಶಿ. "ನಿಮ್ಮ ಇಂಜಿನಿಯರ್‌ಗ ಭಾಳ ಖುಷಿ ಆಗಿತ್ತು. ಯಾಕ ಕೆಡಸೂದು ಅಂತ ಬಿಟ್ವಿ."

ಶೆಡ್ ಎತ್ತರ ಆತು, ಹೊಸಾ ರಾಡ್ ಬಂತು. ಅವರು ಖರೇನ ಸುಶೀಲಕ್ಕನ ಮನಿಗೆ ಹೋಗೂವವರಿದ್ರೇನು ಅಂತ ನಾ ಎರಡು ವರ್ಷ ಕೇಳಲಿಲ್ಲ. ಇವತ್ತ ಕಾಲೇಜಿಂದ ಬಂದಾಕೀನ ಶೆಡ್ಡಿಗೆ ಹೋಗಿ ಕೇಳಿದ್ನಿ. ಫಿಲೋ ಮಾವಶಿ ಸರದು ಜಾಗಾ ಮಾಡಿದ್ಲು, ಒಂದು ಸೂಜಿ ಪೋಣಿಸಿ ನನ್ನ ಕೈಯಾಗ ಇಟ್ಲು.

"ಈ ಮೂಲಿ ನಿಂದು. ಬಾಯಿ ಮುಚ್ಚಕೊಂಡು ಹೊಲಿ."

ಹೊಲದ್ನಿ. ಬಾಯಿ ಮಾತ್ರ ಮುಚ್ಚಲಿಲ್ಲ.